ಸತೀರ್ಥ್ಯಭಾವವೂ ನಮ್ಮ ಸ್ಮರಣಸಂಚಿಕೆಗಳೂ

ಸಂಸ್ಕೃತದಲ್ಲಿ 'ಸತೀರ್ಥ್ಯ' ಎಂದು ಒಂದು ಶಬ್ದವಿದೆ. ತೀರ್ಥವೆಂದರೆ ಇಲ್ಲಿ ಗುರು. ಒಬ್ಬನೇ ಗುರುವಿನಲ್ಲಿ ವಾಸಿಸಿದವನು ಸತೀರ್ಥ್ಯನು. ಈ ಶಬ್ದದ ಸಿದ್ಧಿಗಾಗಿ ಪಾಣಿನಿಯು ಪ್ರತ್ಯೇಕ ಸೂತ್ರವನ್ನೇ ರಚಿಸಿರುವನು. ಆ ಸೂತ್ರದಲ್ಲಿ ಗಮನಿಸತಕ್ಕ ಅಂಶವೊಂದುಂಟು: ಅಲ್ಲಿ ಹೇಳಿರುವುದು ಓದುವುದನ್ನಲ್ಲ, ವಾಸಿಸುವುದನ್ನು. ಒಂದೇ ಪಾಠವನ್ನು ಕೇಳಿದ ಮಾತ್ರಕ್ಕೆ ಸತೀರ್ಥ್ಯತ್ವವು ಬಾರದು. ಒಂದೇ ಸೂರಿನ ಕೆಳಗೆ ಮಲಗಿ, ಒಂದೇ ಅಡಿಗೆಯನ್ನುಂಡು, ಒಂದೇ ಕೆರೆಯಲ್ಲಿ ಮಿಂದು ಬೆಳೆದವರಿಗೆ ಮಾತ್ರ ಅದು ಸಲ್ಲುವುದು. ಆದಕಾರಣ ಸತೀರ್ಥ್ಯಭಾವದ ವಿಚಾರವೆಂದರೆ ಅನ್ನದ ವಿಚಾರವೂ ಹೌದು, ಬಾಗಿಲಿನ ವಿಚಾರವೂ ಹೌದು. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕೆಂದು ಪ್ರಾರ್ಥನೆ. ಮುಂದಿನ ವಿಮರ್ಶೆಯೆಲ್ಲವೂ ಇದರ ಮೇಲೆಯೇ ನಿಂತಿದೆ.

ನಮ್ಮ ಜಿಲ್ಲೆಯಲ್ಲಿ ಈ ಭಾವಕ್ಕೆ ಇಂದು ಬಡತನವಿಲ್ಲ. ಉಡುಪಿಯ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜು ೧೯೪೯ರಲ್ಲಿ, ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜು ೧೯೫೩ರಲ್ಲಿ, ಉಡುಪಿಯ ಪೂರ್ಣಪ್ರಜ್ಞ ಕಾಲೇಜೂ ಕಾರ್ಕಳದ ಭುವನೇಂದ್ರ ಕಾಲೇಜೂ ೧೯೬೦ರಲ್ಲಿ ಸ್ಥಾಪಿತವಾದುವು. ಇವುಗಳಲ್ಲಿ ಕಲಿತವರು ಮುಂಬಯಿ ಬೆಂಗಳೂರುಗಳಲ್ಲಿ ಮಾತ್ರವಲ್ಲದೆ ಕೊಲ್ಲಿಯ ದೇಶಗಳಲ್ಲಿಯೂ ಅಮೆರಿಕಾದಲ್ಲಿಯೂ ನೆಲೆಸಿರುವರು. ಆದರೂ ಹಳೆಯ ವಿದ್ಯಾರ್ಥಿಗಳ ಸಂಘವೆಂಬ ದಾರವು ಅವರನ್ನು ಪೋಣಿಸಿ ಹಿಡಿದಿದೆ. ಕಾಪುವಿನ ಕಡಲಂಚಿನ ಕನ್ನಡ ಶಾಲೆಗಳಿಗೂ ಕಾರ್ಕಳದ ಒಳನಾಡಿನ ಶಾಲೆಗಳಿಗೂ ಇಂತಹ ಸಂಘಗಳುಂಟು. ಮಕ್ಕಳ ಸಂಖ್ಯೆ ಕುಗ್ಗಿ ಬಾಗಿಲಿಕ್ಕಬೇಕಾಗಿದ್ದ ಶಾಲೆಗಳು ಹಳೆಯ ವಿದ್ಯಾರ್ಥಿಗಳ ನೆರವಿನಿಂದ ಉಸಿರು ಹಿಡಿದುಕೊಂಡಿರುವುದನ್ನು ನಾವು ಕಂಡಿದ್ದೇವೆ. ರಜತೋತ್ಸವ, ಸುವರ್ಣೋತ್ಸವ, ಶತಮಾನೋತ್ಸವಗಳು ಒಂದರ ಹಿಂದೊಂದಾಗಿ ಬರುತ್ತಿವೆ. ಉತ್ಸವಕ್ಕೊಂದರಂತೆ ಸ್ಮರಣಸಂಚಿಕೆಯೂ ಬರುತ್ತಿದೆ. ಕಾವ್ಯ, ನಾಟಕ, ಕಾದಂಬರಿಗಳಿಗೆ ನಮ್ಮಲ್ಲಿ ವಿಮರ್ಶಕರುಂಟು. ಮನೆಮನೆಯ ಕಪಾಟಿನಲ್ಲಿಯೂ ಒಂದೊಂದು ಪ್ರತಿಯಿರುವ ಈ ಸಂಚಿಕೆಗಳನ್ನು ಮಾತ್ರ ಸಾಹಿತ್ಯವೆಂದು ಎಣಿಸಿ ಪರೀಕ್ಷಿಸಿದವರು ವಿರಳ. ಆ ಕೆಲಸಕ್ಕೆ ಈ ಲೇಖನದಲ್ಲಿ ಕೈಹಾಕಿದೆ.

ಸ್ಮರಣಸಂಚಿಕೆಯ ಲಕ್ಷಣವು ಎಲ್ಲರಿಗೂ ವಿದಿತವಾದುದೇ. ಮೊದಲು ಸಂದೇಶಗಳು, ಅನಂತರ ಸ್ಥಾಪಕರ ಭಾವಚಿತ್ರ, ಬಳಿಕ ದಾನಿಗಳ ಪಟ್ಟಿ, ದಾನದ ಮೊತ್ತದ ಇಳಿವರಿಯಲ್ಲಿ, ಕೊನೆಗೆ ನೆನಪಿನ ಲೇಖನಗಳು. ಈ ಲೇಖನಗಳಿಗೆ ಒಂದು ಮಾದರಿಯಿದೆ. ಬೆತ್ತ ಹಿಡಿದ ಮಾಸ್ತರರು, ಅವರ ಕೋಪದೊಳಗಿನ ವಾತ್ಸಲ್ಯ, ಮಳೆಗಾಲದ ತೋಡು ದಾಟಿ ನಡೆದುಬಂದ ದಾರಿ, ಗೆಳೆಯರೊಡನೆ ಕದ್ದು ತಿಂದ ಮಾವಿನಕಾಯಿ, ಕೊನೆಯಲ್ಲಿ ಒಂದು ಕೃತಜ್ಞತೆ. ಬರೆದವರ ಹೆಸರಿನ ಕೆಳಗೆ ಅವರ ಉದ್ಯೋಗವೂ ಊರೂ ಅಚ್ಚಾಗಿರುತ್ತವೆ. ಇವುಗಳಲ್ಲಿ ಪ್ರೀತಿಯಿಲ್ಲವೆಂದು ಯಾರು ಹೇಳಿಯಾರು? ಕೆಲವು ಬರಹಗಳಲ್ಲಿ ಅಕೃತ್ರಿಮವಾದ ರಸವೂ ಉಂಟು. ಆದರೆ ಇವೆಲ್ಲವುಗಳ ಹಿಂದೆ ನಿಂತಿರುವ ಕಥೆಯು ಒಂದೇ: ಶ್ರೀಕೃಷ್ಣ ಸುದಾಮರ ಕಥೆ. ಸಾಂದೀಪನಿಯ ಆಶ್ರಮದಲ್ಲಿ ಜೊತೆಗಿದ್ದವರು. ಕಟ್ಟಿಗೆಗಾಗಿ ಕಾಡಿಗೆ ಹೋಗಿ ಮಳೆಯಲ್ಲಿ ಸಿಕ್ಕಿಬಿದ್ದುದನ್ನು ವೃದ್ಧಾಪ್ಯದವರೆಗೂ ಮರೆಯದವರು. ಹಿಡಿ ಅವಲಕ್ಕಿಯಿಂದ ಬಡತನವು ನೀಗಿತು. ಬಹು ಮಧುರವಾದ ಕಥೆ. ಸತೀರ್ಥ್ಯಭಾವಕ್ಕೆ ನಮ್ಮ ಪುರಾಣವು ಕೊಟ್ಟಿರುವ ಕಥೆಯು ಇದೊಂದೇ ಆಗಿದ್ದರೆ ನಾನು ಈ ಲೇಖನವನ್ನು ಬರೆಯಬೇಕಾಗಿರಲಿಲ್ಲ.

ಮಹಾಭಾರತದ ಆದಿಪರ್ವದಲ್ಲಿ ಇನ್ನೊಂದು ಕಥೆಯಿದೆ. ದ್ರೋಣನೂ ದ್ರುಪದನೂ ಬಾಲ್ಯದ ಒಡನಾಡಿಗಳು. ಮುಂದೆ ದ್ರುಪದನು ರಾಜನಾದನು, ದ್ರೋಣನು ಮಗುವಿಗೆ ಹಾಲಿಲ್ಲದ ಬಡವನಾದನು. ಹಳೆಯ ಸಲಿಗೆಯಿಂದ ಬಾಗಿಲಿಗೆ ಬಂದವನನ್ನು ದ್ರುಪದನು, ಸಮಾನರಿಗಲ್ಲದೆ ಸ್ನೇಹವಿಲ್ಲವೆಂದು ಹಂಗಿಸಿ ಕಳುಹಿಸಿದನು. ಇಲ್ಲಿಯವರೆಗೆ ನಮ್ಮ ಮರುಕವು ದ್ರೋಣನ ಪಕ್ಷದಲ್ಲಿಯೇ ಇರುತ್ತದೆ. ಆದರೆ ವ್ಯಾಸರು ಅಲ್ಲಿಗೆ ನಿಲ್ಲಿಸಲಿಲ್ಲ. ಬಾಗಿಲಿನಿಂದ ಹೊರಗೆ ನೂಕಿಸಿಕೊಂಡ ಆ ದ್ರೋಣನೇ ಹಸ್ತಿನಾವತಿಯಲ್ಲಿ ತನ್ನದೇ ಆದ ಶಾಲೆಯನ್ನು ತೆರೆದನು. ಬೇಡರ ಹುಡುಗನಾದ ಏಕಲವ್ಯನು ಬಂದು ಕೈಮುಗಿದಾಗ ಆ ಶಾಲೆಯ ಬಾಗಿಲನ್ನು ಮುಚ್ಚಿದನು. ಮುಚ್ಚಿದುದಷ್ಟೇ ಅಲ್ಲ, ಹೊರಗಿದ್ದುಕೊಂಡೇ ಕಲಿತವನಿಂದ ದಕ್ಷಿಣೆಯನ್ನೂ ಪಡೆದನು. ಅವಮಾನವನ್ನುಂಡವನು ಅವಮಾನಿಸಲಾರನೆಂಬ ನಿಯಮವಿಲ್ಲವೆಂಬುದು ಈ ಕಥೆಯ ಕಠಿನವಾದ ಸತ್ಯ. ಸುದಾಮ, ದ್ರುಪದ, ಏಕಲವ್ಯ, ಈ ಮೂರನ್ನೂ ಒಟ್ಟಿಗೆ ಇಟ್ಟುಕೊಂಡು ನೋಡಿದಲ್ಲದೆ ಯಾವ ಹಳೆಯ ವಿದ್ಯಾರ್ಥಿಗಳ ಸಂಘದ ಬೆಲೆಯೂ ತಿಳಿಯದು.

ಈ ಅಳತೆಗೋಲನ್ನು ಹಿಡಿದು ನಮ್ಮ ನಾಡಿನ ವಿದ್ಯಾರ್ಥಿನಿಲಯಗಳ ಚರಿತ್ರೆಯನ್ನು ಪರಿಶೀಲಿಸೋಣ. ಹಿಂದಿನ ಕಾಲದಲ್ಲಿ ಹಳ್ಳಿಯ ಹುಡುಗನು ಪಟ್ಟಣಕ್ಕೆ ಬಂದು ಓದಬೇಕಾದರೆ ಮೊದಲ ಪ್ರಶ್ನೆ ಊಟದ್ದು. ಬ್ರಾಹ್ಮಣ ವಟುವಿಗೆ ವಾರಾನ್ನವಿತ್ತು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ಉಡುಪಿಯಂತಹ ಕ್ಷೇತ್ರದಲ್ಲಿ ಮಠಗಳ ಭೋಜನಶಾಲೆಯೂ ಇತ್ತು. ವಾರಾನ್ನದಲ್ಲಿ ಸಂಕೋಚವಿತ್ತು, ಅರೆಹೊಟ್ಟೆಯೂ ಇತ್ತು. ಅದನ್ನು ಸುಖವೆಂದು ನಾನು ವರ್ಣಿಸುತ್ತಿಲ್ಲ. ಆದರೂ ಅದು ಗೋಡೆಯಿಲ್ಲದ ಒಂದು ವಿದ್ಯಾರ್ಥಿನಿಲಯವಾಗಿತ್ತು. ಅದಕ್ಕೆ ನಾಮಫಲಕವಿರಲಿಲ್ಲವಾದುದರಿಂದ ಅದನ್ನು ಜಾತಿಯ ಸಂಸ್ಥೆಯೆಂದು ಯಾರೂ ಕರೆಯಲಿಲ್ಲ. ಒಕ್ಕಲಿಗರ, ಬಂಟರ, ಬಿಲ್ಲವರ, ಮೊಗವೀರರ ಹುಡುಗನಿಗೆ ಆ ಪಂಕ್ತಿಯಲ್ಲಿ ಎಲೆ ಹಾಕುವವರಿರಲಿಲ್ಲ. ಆತನು ಕಲಿಯಬೇಕಾದರೆ ಆತನ ಸಮಾಜವು ಕಲ್ಲುಮಣ್ಣು ಹೊತ್ತು ಕಟ್ಟಡವನ್ನೇ ಕಟ್ಟಬೇಕಾಯಿತು.

ಹಾಗೆ ಕಟ್ಟಿದರು. ಮೈಸೂರು ಸೀಮೆಯಲ್ಲಿ ಒಕ್ಕಲಿಗರ ಸಂಘವು ೧೯೦೬ರಲ್ಲಿ ಹುಟ್ಟಿತು. ನಮ್ಮ ಕರಾವಳಿಯಲ್ಲಿ ಬಂಟರ ಮಾತೃಸಂಘವು ೧೯೦೮ರಲ್ಲಿ ಆರಂಭವಾಯಿತು. ಮಂಗಳೂರಿನಲ್ಲಿ 'ಬಂಟ್ಸ್ ಹಾಸ್ಟೆಲ್' ಎಂಬುದು ಇಂದು ಪೇಟೆಯ ಒಂದು ಭಾಗದ ಹೆಸರೇ ಆಗಿಹೋಗಿದೆ. ಬೆಳಗಾವಿಯಲ್ಲಿ ೧೯೧೬ರಲ್ಲಿ ಏಳು ಮಂದಿ ತರುಣ ಉಪಾಧ್ಯಾಯರು ಸೇರಿ ಕರ್ನಾಟಕ ಲಿಂಗಾಯತ ಎಜುಕೇಶನ್ ಸೊಸೈಟಿಯನ್ನು ಸ್ಥಾಪಿಸಿದರು; ಜನರು ಅವರನ್ನು ಸಪ್ತರ್ಷಿಗಳೆಂದು ಕರೆದರು. ಮುಂಬಯಿಗೆ ಹೋದ ನಮ್ಮವರ ಸಾಹಸವು ಇದಕ್ಕಿಂತಲೂ ಸ್ವಾರಸ್ಯವಾದುದು. ಉಡುಪಿ, ಕಾಪು, ಕಾರ್ಕಳಗಳ ಕಡೆಯಿಂದ ಹೋಟೆಲು ಕೆಲಸಕ್ಕೆಂದು ಹೋದ ಬಾಲಕರು ಹಗಲು ಲೋಟ ತೊಳೆದು ರಾತ್ರಿ ಕನ್ನಡ ಶಾಲೆಗಳಲ್ಲಿ ಕುಳಿತರು. ಆ ರಾತ್ರಿಶಾಲೆಗಳಲ್ಲಿ ಕೆಲವನ್ನು ನಡೆಯಿಸಿದವರು ಮೊಗವೀರರ ಮತ್ತು ಬಿಲ್ಲವರ ಸಂಘದವರು. ಅಲ್ಲಿ ಕಲಿತು ಮೇಲೆ ಬಂದವರು ತಾವು ಕುಳಿತಿದ್ದ ಬೆಂಚಿಗೆ ಮುಂದಿನ ಹುಡುಗನನ್ನು ಕರೆತಂದು ಕುಳ್ಳಿರಿಸಿದರು. ಸತೀರ್ಥ್ಯಭಾವವು ಜೀವನಪರ್ಯಂತ ನಡೆಯುವ ಕ್ರಮವೆಂದರೆ ಇದೇ.

ಇವರೆಲ್ಲರಿಗೂ ಹೊರಗೆ ಇನ್ನೂ ಒಂದು ಸಮುದಾಯವಿತ್ತು. ಅವರಿಗೆ ಕಟ್ಟಡ ಕಟ್ಟುವ ಹಣವೂ ಇರಲಿಲ್ಲ, ಕೇರಿ ದಾಟುವ ದಾರಿಯೂ ಇರಲಿಲ್ಲ. ಮಂಗಳೂರಿನ ವಕೀಲರಾದ ಕುದ್ಮುಲ್ ರಂಗರಾಯರು ೧೮೯೨ರಲ್ಲಿ ಅವರ ಮಕ್ಕಳಿಗಾಗಿ ಶಾಲೆಯನ್ನು ತೆರೆದರು; ೧೮೯೭ರಲ್ಲಿ ಅವರ ಸೇವೆಗಾಗಿಯೇ ಒಂದು ಮಿಶನ್ನನ್ನು ಸ್ಥಾಪಿಸಿದರು; ವಿದ್ಯಾರ್ಥಿನಿಲಯವನ್ನೂ ಕಟ್ಟಿದರು. ಸಾರಸ್ವತ ಬ್ರಾಹ್ಮಣರಾದ ಅವರಿಗೆ ಸ್ವಜಾತಿಯವರ ಬಹಿಷ್ಕಾರವೇ ಬಹುಮಾನವಾಯಿತು. ೧೯೨೮ರಲ್ಲಿ ತೀರಿಕೊಳ್ಳುವವರೆಗೂ ಅವರು ಹಿಂದೆಗೆಯಲಿಲ್ಲ. ತಾನು ಓದಿಸಿದ ಮಗುವೊಂದು ದೊಡ್ಡ ಹುದ್ದೆಗೇರಿ ಗಾಡಿಯಲ್ಲಿ ಹೋಗುವಾಗ ಏಳುವ ಧೂಳು ತನ್ನ ತಲೆಯ ಮೇಲೆ ಬೀಳಬೇಕೆಂಬುದು ಅವರ ಆಶೆಯಾಗಿತ್ತೆಂದು ಪ್ರಸಿದ್ಧಿಯಿದೆ. ನಮ್ಮ ಜಿಲ್ಲೆಯ ಯಾವ ಸ್ಮರಣಸಂಚಿಕೆಯಾದರೂ ಧ್ಯೇಯವಾಕ್ಯವನ್ನು ಹುಡುಕುತ್ತಿದ್ದರೆ ಈ ಆಶೆಗಿಂತ ದೊಡ್ಡದು ಸಿಕ್ಕದು. ಗುರುವು ಶಿಷ್ಯನಿಂದ ದಕ್ಷಿಣೆಯಾಗಿ ಧೂಳನ್ನು ಮಾತ್ರ ಬಯಸಿದನು. ದ್ರೋಣನು ಹೆಬ್ಬೆರಳನ್ನು ಬಯಸಿದ್ದನು.

ಇಂತಹ ನಿಲಯಗಳ ಒಳಗಿನ ಬಾಳನ್ನು ಕನ್ನಡದಲ್ಲಿ ಯಥಾರ್ಥವಾಗಿ ಬರೆದವರಲ್ಲಿ ಸಿದ್ಧಲಿಂಗಯ್ಯನವರು ಮುಖ್ಯರು. ಅವರ ಆತ್ಮಕಥೆ 'ಊರುಕೇರಿ'ಯ ಮೊದಲ ಭಾಗವು ೧೯೯೬ರಲ್ಲಿ ಪ್ರಕಟವಾಯಿತು. ಬೆಂಗಳೂರಿನ ಗೋಪಾಲಸ್ವಾಮಿ ಅಯ್ಯರ್ ವಿದ್ಯಾರ್ಥಿನಿಲಯದ ದಿನಗಳು ಅದರಲ್ಲಿ ಬಂದಿವೆ. ಸಂಚಿಕೆಯ ಲೇಖನಗಳಿಗೂ ಈ ಗ್ರಂಥಕ್ಕೂ ಇರುವ ಭೇದವನ್ನು ಸಹೃದಯರು ವಿಚಾರಿಸಬೇಕು. ಅಲ್ಲಿಯೂ ಹುಡುಗಾಟವುಂಟು, ಗೆಳೆತನವುಂಟು, ನಗೆಯಂತೂ ಹೇರಳವಾಗಿದೆ. ಆದರೆ ನಗೆಯ ಕೆಳಗೆ ಹಸಿವೆಯು ಕಾಣುತ್ತದೆ. ಓದಲು ಏಕಾಂತವು ಬೇಕಾದಾಗ ಆ ಹುಡುಗನಿಗೆ ಒದಗುವ ಸ್ಥಳವು ಶ್ಮಶಾನ. ಇದನ್ನು ಲೇಖಕರು ಗೋಳಿಗಾಗಿ ಹೇಳುವುದಿಲ್ಲ. ಇತರರು ತೋಟದ ವಿಷಯವನ್ನು ಹೇಳುವಷ್ಟೇ ಸಹಜವಾಗಿ ಹೇಳುತ್ತಾರೆ. ಯಾರು ಒಳಗಿದ್ದರು, ಯಾರು ಹೊರಗಿದ್ದರು ಎಂಬುದನ್ನು ಮರೆಸದೆ ನೆನಪಿಸಿಕೊಳ್ಳುವುದೇ ಆ ಗ್ರಂಥದ ಶಕ್ತಿ. ನಮ್ಮ ಸಂಚಿಕೆಗಳ ಸ್ಮರಣೆಯಲ್ಲಿ ಬಾಗಿಲೇ ಇರುವುದಿಲ್ಲ. ಎಲ್ಲರೂ ಹುಟ್ಟಿನಿಂದಲೇ ಒಳಗಿದ್ದವರಂತೆ ಕಾಣುತ್ತಾರೆ. ಮತ್ತೊಂದು ಮಾತು. ೧೯೭೩ರ ಬೂಸಾ ಪ್ರಕರಣವೂ ಕನ್ನಡ ಸಾಹಿತ್ಯದ ಬೆಲೆಯನ್ನು ಕುರಿತೇ ಎದ್ದ ಗಲಭೆ; ಅದರಲ್ಲಿ ದಲಿತ ವಿದ್ಯಾರ್ಥಿಗಳು ಏಟು ತಿಂದರು. ಆಗ ಒಗ್ಗೂಡಿದ ತರುಣರಿಂದಲೇ ಮುಂದೆ ದಲಿತ ಸಂಘರ್ಷ ಸಮಿತಿಯು ಬೆಳೆಯಿತು. ವಿದ್ಯಾರ್ಥಿದೆಸೆಯ ಗೆಳೆತನವು ಪದವಿಪತ್ರದೊಡನೆ ಮುಗಿಯದೆ ಸಮಾಜದ ಕೆಲಸವಾಗಿ ಮುಂದುವರಿದುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆಯು ಬೇಕಿಲ್ಲ.

ಇದೇ ಪ್ರಶ್ನೆಯು ಅಮೆರಿಕಾದ ಕಾಲೇಜುಗಳಲ್ಲಿಯೂ ನೂರು ವರ್ಷಗಳಿಂದ ನಡೆದುಬಂದಿದೆ. ಉಡುಪಿ ಮಣಿಪಾಲಗಳ ಅನೇಕ ಮನೆಗಳಿಂದ ಮಕ್ಕಳು ಅಲ್ಲಿಗೆ ಓದಲು ಹೋಗುತ್ತಿರುವುದರಿಂದ ಆ ಚರಿತ್ರೆಯನ್ನು ನಾವು ತಿಳಿದಿರುವುದು ಲೇಸು. ಅಲ್ಲಿ ಗ್ರೀಕ್ ಅಕ್ಷರಗಳ ಹೆಸರನ್ನು ಹೊತ್ತ ಭ್ರಾತೃಸಂಘಗಳೂ ಭಗಿನೀಸಂಘಗಳೂ ಇವೆ. ಇವುಗಳ ಮೂಲವು ೧೭೭೬ರಲ್ಲಿ ಹುಟ್ಟಿದ ಫೈ ಬೀಟಾ ಕಪ್ಪಾದವರೆಗೆ ಹೋಗುತ್ತದೆ. ಬಿಳಿಯರ ಸಂಘಗಳು ಬಹುಕಾಲ ಕಪ್ಪು ಜನಾಂಗದವರನ್ನು ಸೇರಿಸಲಿಲ್ಲ. ಅನೇಕ ಸಂಘಗಳ ನಿಯಮಾವಳಿಯಲ್ಲಿಯೇ ಆ ನಿಷೇಧವು ಬರೆದಿಡಲ್ಪಟ್ಟಿತ್ತು. ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಕಪ್ಪು ವಿದ್ಯಾರ್ಥಿಗಳು ಒಂಟಿತನದಿಂದಲೂ ಅನಾದರದಿಂದಲೂ ಓದನ್ನು ಬಿಟ್ಟುಹೋಗುತ್ತಿರುವುದನ್ನು ಕಂಡು, ಏಳು ಮಂದಿ ೧೯೦೬ರಲ್ಲಿ ಆಲ್ಫಾ ಫೈ ಆಲ್ಫಾ ಎಂಬ ಸಂಘವನ್ನು ಕಟ್ಟಿದರು. ಬೆಳಗಾವಿಯ ಏಳು ಮಂದಿಗಿಂತ ಹತ್ತು ವರ್ಷ ಹಿಂದೆ. ೧೯೦೮ರಲ್ಲಿ ಹೊವಾರ್ಡ್ ವಿಶ್ವವಿದ್ಯಾಲಯದಲ್ಲಿ ಆಲ್ಫಾ ಕಪ್ಪಾ ಆಲ್ಫಾ ಎಂಬ ಭಗಿನೀಸಂಘವು ಹುಟ್ಟಿತು. ಅಲ್ಲಿಯೇ ೧೯೧೩ರಲ್ಲಿ ಸ್ಥಾಪಿತವಾದ ಡೆಲ್ಟಾ ಸಿಗ್ಮಾ ತೀಟಾದ ತರುಣಿಯರು ಅದೇ ವರ್ಷ ವಾಷಿಂಗ್ಟನ್ನಿನಲ್ಲಿ ಸ್ತ್ರೀಯರ ಮತಾಧಿಕಾರಕ್ಕಾಗಿ ನಡೆದ ಮೆರವಣಿಗೆಯಲ್ಲಿ ನಡೆದರು. ಮಾರ್ಟಿನ್ ಲೂಥರ್ ಕಿಂಗ್ ೧೯೫೨ರಲ್ಲಿ ಆಲ್ಫಾ ಫೈ ಆಲ್ಫಾವನ್ನು ಸೇರಿದರು. ತಾಯಿಯ ಕಡೆಯಿಂದ ನಮ್ಮ ದೇಶದವರಾದ ಕಮಲಾ ಹ್ಯಾರಿಸ್ ಹೊವಾರ್ಡಿನಲ್ಲಿ ಓದುವಾಗ ಆಲ್ಫಾ ಕಪ್ಪಾ ಆಲ್ಫಾವನ್ನು ಸೇರಿ, ೨೦೨೧ರಿಂದ ೨೦೨೫ರವರೆಗೆ ಆ ದೇಶದ ಉಪಾಧ್ಯಕ್ಷರಾಗಿದ್ದರು. ಈ ಸಂಘಗಳಲ್ಲಿ ಪದವೀಧರರಿಗಾಗಿಯೇ ಊರೂರಲ್ಲಿ ಶಾಖೆಗಳುಂಟು. ಕಾಲೇಜು ಬಿಟ್ಟ ಮೇಲೆಯೂ ಸದಸ್ಯರು ವಿದ್ಯಾರ್ಥಿವೇತನ, ಮತದಾರರ ನೋಂದಣಿ, ಬಡಮಕ್ಕಳ ಪಾಠ ಮೊದಲಾದ ಕೆಲಸಗಳಲ್ಲಿ ತೊಡಗಿರುತ್ತಾರೆ. ಇವುಗಳಲ್ಲಿ ದೋಷವಿಲ್ಲವೆಂದಲ್ಲ. ಹೊಸಬರನ್ನು ಪರೀಕ್ಷೆಯ ನೆಪದಿಂದ ಹಿಂಸಿಸುವ ದುರಾಚಾರವು ಎರಡು ಪಕ್ಷದ ಸಂಘಗಳಲ್ಲಿಯೂ ಇದ್ದು ಪ್ರಾಣಹಾನಿಯೂ ಆಗಿದೆ.

ಆದರೆ ನಮಗೆ ಪ್ರಕೃತವಾದುದು ಬೇರೆ ಎರಡು ಸಂಗತಿಗಳು. ೧೯೪೮ರಲ್ಲಿ ಆಮ್‌ಹರ್ಸ್ಟ್ ಕಾಲೇಜಿನ ಫೈ ಕಪ್ಪಾ ಸೈ ಶಾಖೆಯ ಬಿಳಿಯ ತರುಣರು ಒಬ್ಬ ಕಪ್ಪು ವಿದ್ಯಾರ್ಥಿಯನ್ನು ತಮ್ಮೊಡನೆ ಸೇರಿಸಿಕೊಳ್ಳಲು ನಿಶ್ಚಯಿಸಿದರು. ಅದಕ್ಕಾಗಿ ಅವರ ರಾಷ್ಟ್ರೀಯ ಸಂಘವು ಆ ಶಾಖೆಯನ್ನೇ ಹೊರಗೆ ಹಾಕಿತು. ೨೦೧೩ರಲ್ಲಿ ಅಲಬಾಮಾ ವಿಶ್ವವಿದ್ಯಾಲಯದ ಬಿಳಿಯರ ಭಗಿನೀಸಂಘಗಳಲ್ಲಿ ಕಪ್ಪು ವಿದ್ಯಾರ್ಥಿನಿಗೆ ಪ್ರವೇಶ ತಪ್ಪಿದುದನ್ನು ಅಲ್ಲಿಯ ವಿದ್ಯಾರ್ಥಿಪತ್ರಿಕೆಯು ಬಯಲಿಗೆಳೆಯಿತು. ಒಳಗಿದ್ದ ಹುಡುಗಿಯರಲ್ಲಿ ಕೆಲವರು ಸೇರಿಸಿಕೊಳ್ಳಲು ಸಿದ್ಧರಿದ್ದರು; ಅಡ್ಡಬಂದವರಲ್ಲಿ ಹಳೆಯ ವಿದ್ಯಾರ್ಥಿನಿಯರಿದ್ದರೆಂದು ಪತ್ರಿಕೆಯು ವರದಿಮಾಡಿತು. ಗಲಭೆಯೆದ್ದ ಮೇಲೆ ಬಾಗಿಲು ತೆರೆಯಿತು. ಈ ಎರಡು ಘಟನೆಗಳ ನಡುವೆ ೬೫ ವರ್ಷಗಳು ಕಳೆದಿದ್ದರೂ ಪಾಠವು ಒಂದೇ. ಎಳೆಯರು ಬಾಗಿಲು ತೆರೆಯಲು ಹೋದರು. ಹಿರಿಯರು ಅಗುಳಿ ಹಿಡಿದು ನಿಂತರು. ಹಳೆಯ ವಿದ್ಯಾರ್ಥಿಯ ಆಜೀವ ಪ್ರೀತಿಯು ಎಲ್ಲ ಕಾಲಕ್ಕೂ ಗುಣವೇ ಆಗಿರಬೇಕೆಂದಿಲ್ಲ. ಅದು ಏಣಿಯೂ ಆಗಬಲ್ಲದು, ಅಗುಳಿಯೂ ಆಗಬಲ್ಲದು.

ಇಲ್ಲಿ ಒಂದು ಆಕ್ಷೇಪವು ಬರುವುದು ಸಹಜ. ಬಿಳಿಯರ ಸಂಘವು ತಪ್ಪಾದರೆ ಕಪ್ಪು ಜನರ ಸಂಘವು ಹೇಗೆ ಸರಿ? ವಾರಾನ್ನದ ಪಂಕ್ತಿಯು ತಪ್ಪಾದರೆ ಜಾತಿಯ ವಿದ್ಯಾರ್ಥಿನಿಲಯವು ಹೇಗೆ ಸರಿ? ಎರಡೂ ಗುಂಪುಗಾರಿಕೆಯೇ ಅಲ್ಲವೆ? ಈ ಆಕ್ಷೇಪವನ್ನು ನಮ್ಮ ವಿದ್ಯಾವಂತ ಮನೆಗಳ ಜಗಲಿಯಲ್ಲಿ ಬಹಳ ಸಲ ಕೇಳುತ್ತೇವೆ. ಉತ್ತರವೇನೆಂದರೆ, ಆಕಾರವು ಒಂದಾದ ಮಾತ್ರಕ್ಕೆ ವಸ್ತುವು ಒಂದಾಗದು. ಅಂಗಳಕ್ಕೆ ನೀರು ನುಗ್ಗದಂತೆ ಕಟ್ಟಿದ ಕಟ್ಟವೂ, ನೆರೆಯವನ ಗದ್ದೆಗೆ ನೀರು ಹೋಗದಂತೆ ಕಟ್ಟಿದ ಕಟ್ಟವೂ ನೋಡಲು ಮಣ್ಣಿನ ದಿಬ್ಬಗಳೇ. ಆದರೆ ಒಂದು ರಕ್ಷಣೆ, ಇನ್ನೊಂದು ಅನ್ಯಾಯ. ಬಾಗಿಲು ಮುಚ್ಚಿಸಿಕೊಂಡವರು ತಮಗಾಗಿ ಕಟ್ಟಿಕೊಂಡ ಮನೆಯನ್ನು, ಬಾಗಿಲು ಮುಚ್ಚುವುದಕ್ಕಾಗಿ ಕಟ್ಟಿದ ಮನೆಯೊಡನೆ ತೂಗಬಾರದು. ಇದನ್ನು ಅಂಗೀಕರಿಸದೆ ನಿಲಯಗಳ ಜಾತಿಯ ಹೆಸರನ್ನು ಹಳಿಯುವುದು, ತನ್ನ ವಾರಾನ್ನವನ್ನು ಮರೆತವನ ಮಾತು.

ಆದರೆ ಈ ಉತ್ತರವು ಎಲ್ಲ ಕಾಲಕ್ಕೂ ಸಲ್ಲುವ ಪರವಾನಗಿಯಲ್ಲ. ದ್ರೋಣನ ಕಥೆಯನ್ನು ಮತ್ತೆ ನೆನೆಯಬೇಕು. ನೂರು ವರ್ಷಗಳ ಹಿಂದೆ ನೆರಳಿಗಾಗಿ ಕಟ್ಟಿದ ಮನೆಯು ಈಗ ಬಹುಮಹಡಿಯ ಕಟ್ಟಡವಾಗಿರಬಹುದು. ಕಾಲೇಜು, ಆಸ್ಪತ್ರೆ, ಸಭಾಭವನಗಳು ಅದಕ್ಕೆ ಸೇರಿರಬಹುದು. ಆಗ ಹೊರಗೆ ನಿಂತಿರುವವನು ಯಾರು ಎಂದು ಕೇಳಿಕೊಳ್ಳುವುದು ಆ ಮನೆಯವರ ಕರ್ತವ್ಯ. ಆಲ್ಫಾ ಫೈ ಆಲ್ಫಾದವರು ೧೯೪೦ರ ದಶಕದಲ್ಲಿಯೇ ಸದಸ್ಯತ್ವದ ಜನಾಂಗನಿಯಮವನ್ನು ತೆಗೆದುಹಾಕಿದರು. ತಮ್ಮನ್ನು ಸೇರಿಸದವರ ಮಕ್ಕಳನ್ನೂ ಸೇರಿಸಿಕೊಳ್ಳಲು ಸಿದ್ಧರಾದರು. ನಮ್ಮ ನಾಡಿನಲ್ಲಿ ಸಿದ್ಧಗಂಗೆಯ ಮಠವು ಜಾತಿಯನ್ನು ಕೇಳದೆ ಸಾವಿರಾರು ಹುಡುಗರಿಗೆ ಅನ್ನವನ್ನೂ ವಿದ್ಯೆಯನ್ನೂ ಕೊಡುತ್ತ ಬಂದಿದೆ. ಉಡುಪಿಯಲ್ಲಿಯೇ ಯಕ್ಷಗಾನ ಕಲಾರಂಗವು ೨೦೦೫ರಲ್ಲಿ ಆರಂಭಿಸಿದ ವಿದ್ಯಾಪೋಷಕ್ ಯೋಜನೆಯು ಬಡ ವಿದ್ಯಾರ್ಥಿಯ ಮನೆಗೆ ಹೋಗಿ ಕಷ್ಟವನ್ನು ಕಂಡು ನೆರವಾಗುತ್ತದೆ; ಮನೆಯಿಲ್ಲದವನಿಗೆ ದಾನಿಗಳಿಂದ ಮನೆಯನ್ನೂ ಕಟ್ಟಿಸಿಕೊಡುತ್ತದೆ. ಇಲ್ಲಿ ನೆರವಿಗೆ ಅರ್ಹತೆಯೆಂದರೆ ಕಷ್ಟ.

ಈಗ ಸ್ಮರಣಸಂಚಿಕೆಗೆ ಹಿಂದಿರುಗೋಣ. ಸಂಪಾದಕರಿಗೆ ಮೂರು ಸೂಚನೆಗಳನ್ನು ಸವಿನಯವಾಗಿ ಮುಂದಿಡುತ್ತೇನೆ. ಮೊದಲನೆಯದು, ಓದನ್ನು ನಡುವೆ ಬಿಟ್ಟವರನ್ನೂ ಹಳೆಯ ವಿದ್ಯಾರ್ಥಿಗಳೆಂದೇ ಎಣಿಸಿ ಬರೆಯಿಸಬೇಕು. ನಮ್ಮ ಕರಾವಳಿಯ ಇಬ್ಬರು ಮಹಾಸಾಹಿತಿಗಳಾದ ಗೋವಿಂದ ಪೈಗಳೂ ಶಿವರಾಮ ಕಾರಂತರೂ ಪದವಿಯನ್ನು ಪೂರೈಸಿದವರಲ್ಲ. ಒಬ್ಬರನ್ನು ಮನೆಯ ವಿಪತ್ತು ಕರೆಯಿತು, ಇನ್ನೊಬ್ಬರನ್ನು ಅಸಹಕಾರ ಚಳವಳಿಯು ಸೆಳೆಯಿತು. ಕೀರ್ತಿವಂತರಾದುದರಿಂದ ಅವರನ್ನು ನಮ್ಮವರೆನ್ನುತ್ತೇವೆ. ಅದೇ ಹಕ್ಕು ಎಂಟನೆಯ ತರಗತಿಯಲ್ಲಿ ಶಾಲೆ ಬಿಟ್ಟು ದೋಣಿ ಹತ್ತಿದ ಕಾಪುವಿನ ಹುಡುಗನಿಗೂ, ಬೀಡಿ ಕಟ್ಟಲು ಕುಳಿತ ಕಾರ್ಕಳದ ಹುಡುಗಿಗೂ ಉಂಟು. ಎರಡನೆಯದು, ನಿಲಯದಲ್ಲಿ ಅನ್ನ ಬೇಯಿಸಿದವರ, ಅಂಗಳ ಗುಡಿಸಿದವರ ಹೆಸರುಗಳನ್ನು ದಾನಿಗಳ ಪಟ್ಟಿಗಿಂತ ಮೊದಲು ಅಚ್ಚುಮಾಡಿಸಬೇಕು. ಸತೀರ್ಥ್ಯತ್ವಕ್ಕೆ ಮೂಲವು ವಾಸವೆಂದ ಮೇಲೆ ವಾಸವನ್ನು ಸಾಧ್ಯಮಾಡಿದವರನ್ನು ಬಿಡುವುದು ವ್ಯಾಕರಣಕ್ಕೂ ವಿರುದ್ಧ. ಮೂರನೆಯದು ಎಲ್ಲಕ್ಕಿಂತಲೂ ಕಷ್ಟವಾದುದು. ನಮ್ಮ ಪಂಕ್ತಿಯಲ್ಲಿ ಯಾರಿಗೆ ಎಲೆ ಹಾಕಲಿಲ್ಲ, ಯಾವ ವರ್ಷದಿಂದ ಹಾಕಿದೆವು, ಹಾಕುವಂತೆ ಮಾಡಿದವರು ಯಾರು ಎಂಬುದನ್ನು ಪ್ರತಿಯೊಂದು ಸಂಸ್ಥೆಯೂ ತನ್ನ ಸಂಚಿಕೆಯಲ್ಲಿ ಒಂದು ಅಧ್ಯಾಯವಾಗಿ ಬರೆಯಿಸಬೇಕು. ಪಾಠಶಾಲೆಯಲ್ಲಿ ಕಲಿತ ನನ್ನಂಥವರು ಇದರಲ್ಲಿ ಮೊದಲು ಲೇ​ಖನಿಯನ್ನು ಹಿಡಿಯತಕ್ಕದ್ದು; ಏಕೆಂದರೆ ಪಂಕ್ತಿಯ ವಿಚಾರವು ನಮಗೆ ತಿಳಿದಿರುವಷ್ಟು ಇತರರಿಗೆ ತಿಳಿಯದು.

ಸಂಘಗಳ ಖಜಾಂಚಿಗಳಿಗೂ ಒಂದು ಮಾತು. ಉತ್ಸವಕ್ಕೆಂದು ಕೂಡಿದ ಹಣದಲ್ಲಿ ಕಮಾನು, ಶಾಮಿಯಾನ, ಭೋಜನಗಳ ವೆಚ್ಚವು ಕಳೆದು ಉಳಿದುದರಲ್ಲಿ ಅರ್ಧವನ್ನಾದರೂ, ನಮ್ಮ ಜಾತಿಯವನಲ್ಲದ, ನಮ್ಮ ಶಾಲೆಯವನೂ ಅಲ್ಲದ ಒಬ್ಬ ಬಡ ವಿದ್ಯಾರ್ಥಿಯ ಓದಿಗೆ ಮೀಸಲಿಡುವ ನಿಯಮವನ್ನು ಮಾಡಿಕೊಳ್ಳಬಹುದು. ಮನುಷ್ಯನು ಋಷಿಋಣದೊಡನೆ ಹುಟ್ಟುವನೆಂದು ನಮ್ಮವರು ಹೇಳಿದರು. ಆ ಋಣವು ವಿದ್ಯೆಯಿಂದ ತೀರುವುದೆಂದೂ ಹೇಳಿದರು. ಕಲಿತವನು ಕಲಿಸಿದವನಿಗೆ ಹಿಂದಿರುಗಿಸಿ ತೀರಿಸತಕ್ಕ ಸಾಲವಲ್ಲ ಅದು. ಮುಂದಿನವನಿಗೆ ಕೊಟ್ಟು ತೀರಿಸತಕ್ಕದ್ದು. ಗೋತ್ರವನ್ನು ತಿಳಿಯೆನೆಂದು ನಿಜವನ್ನು ನುಡಿದ ಸತ್ಯಕಾಮ ಜಾಬಾಲನನ್ನು ಗೌತಮನು ಒಳಗೆ ಕರೆದುಕೊಂಡನು. ಆ ಹುಡುಗನೇ ಮುಂದೆ ಆಚಾರ್ಯನಾಗಿ ಇತರರಿಗೆ ಕಲಿಸಿದನೆಂದು ಅದೇ ಉಪನಿಷತ್ತು ಹೇಳುತ್ತದೆ.

ಮುಂದಿನ ಉತ್ಸವದ ಸಂಚಿಕೆಯು ಕೈಗೆ ಬಂದಾಗ ವಾಚಕರು ಭಾವಚಿತ್ರಗಳಲ್ಲಿ ತಮ್ಮ ಮುಖವನ್ನು ಹುಡುಕಿಕೊಳ್ಳಲಿ, ಅದರಲ್ಲಿ ತಪ್ಪಿಲ್ಲ. ಹುಡುಕಿಯಾದ ಬಳಿಕ, ಆ ಚಿತ್ರದಲ್ಲಿ ಯಾರು ಇಲ್ಲವೆಂಬುದನ್ನೂ ಒಮ್ಮೆ ಎಣಿಸಲಿ.